ಒಂದೇ ಮನೆಯ ಎರಡು ಸ್ಟೆಂಟು

ಯುಗಾದಿಯ ಮರುವಾರ ಕಾಂತರಾಜುವಿಗೆ ಎದೆನೋವು ಬಂದು ಹಾಸನದ ಆಸ್ಪತ್ರೆಗೆ ಸೇರಿಸಿದರು. ಇಂಜೆಕ್ಷನ್ನಿಗೆ ನೋವು ಹಿಡಿತಕ್ಕೆ ಬಂತು. ಆದರೆ ಹೃದಯದ ಒಂದು ರಕ್ತನಾಳ ಮುಕ್ಕಾಲು ಮುಚ್ಚಿಕೊಂಡಿದೆ, ಎರಡು ಮೂರು ದಿನದಲ್ಲಿ ಅದನ್ನು ತೆರೆದಿಡುವ ಸ್ಟೆಂಟು ಹಾಕಬೇಕು, ಯಾವುದನ್ನು ಹಾಕಬೇಕೆಂದು ಮನೆಯವರು ಕೂತು ತೀರ್ಮಾನಿಸಿ ಹೇಳಿ ಎಂದರು ಡಾಕ್ಟರು. ಅವರು ಹಾಗೆಂದದ್ದೇ ತಡ, ಶಾಂತಿಗ್ರಾಮದ ಆ ಮನೆಯಲ್ಲಿ ಮದುವೆ ಮಾತುಕತೆಗೆ ಸೇರಿದ ಹಾಗೆ ಜನ ಸೇರಿತು.

ಕಾಂತರಾಜು ಆಲೂಗೆಡ್ಡೆ ಬಿತ್ತನೆ ಬೀಜದ ವ್ಯಾಪಾರಿ. ಸುತ್ತಲ ಊರಿನವರಿಗೆಲ್ಲ ಬೇಕಾದ ಮನುಷ್ಯ. ಚನ್ನರಾಯಪಟ್ಟಣದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ಮಗ ಶಶಿಕುಮಾರ್ ರಜೆ ಹಾಕಿ ಬಂದ. ಅರಕಲಗೂಡಿನಿಂದ ಕಾಂತರಾಜುವಿನ ತಂಗಿಯ ಗಂಡ ಪಾಲಾಕ್ಷ ಬಂದರು. ಅವರು ಹೈಸ್ಕೂಲು ಮೇಷ್ಟ್ರು. ಯಾವ ವಿಷಯವಾದರೂ ಓದಿಕೊಂಡು ಬಂದೇ ಮಾತಾಡುವವರು. ನಡುಮನೆಯಲ್ಲಿ ಕಾಂತರಾಜುವಿನ ತಾಯಿ ಲಕ್ಕಮ್ಮನ ಎದುರಿಗೆ ಕೂತು ಅವರು ಬಿಡಿಸಿ ಹೇಳಿದರು.

"ನೋಡಿ ಅತ್ತೆ, ಈಗಿನ ಸ್ಟೆಂಟಿಗೆಲ್ಲ ಔಷಧಿ ಬಳಿದಿರ್ತಾರೆ, ನಾಳ ಮತ್ತೆ ಕಟ್ಕೋಬಾರ್ದು ಅಂತ. ಆ ಔಷಧಿ ಹಿಡ್ಕೊಂಡಿರಕ್ಕೆ ಮೇಲೊಂದು ಲೇಪ ಇರ್ತದೆ. ಒಂದು ಜಾತೀಲಿ ಆ ಲೇಪ ಕೊನೇವರ್ಗೂ ಹಂಗೇ ಉಳೀತದೆ. ಇನ್ನೊಂದ್ರಲ್ಲಿ ಕೆಲಸ ಮುಗಿದ್ಮೇಲೆ ಕರಗೋಯ್ತದೆ. ಮೂರನೇದ್ರಲ್ಲಿ ಲೇಪಾನೇ ಇಲ್ಲ, ಔಷಧಿ ನೇರವಾಗಿ ಲೋಹಕ್ಕೇ ಅಂಟಿರ್ತದೆ."

"ಕರಗೋದು ಬ್ಯಾಡ," ಎಂದಳು ಲಕ್ಕಮ್ಮ. "ನನ್ ಮಗನ ಎದೇಲಿರೋದು ಗಟ್ಟಿಯಾಗಿರ್ಲಿ."

"ಸ್ಟೆಂಟು ಕರಗಲ್ಲ ಅತ್ತೆ. ಲೇಪ ಮಾತ್ರ."

"ಏನೋ ಒಂದು. ಕರಗೋದು ಅಂದ್ರೆ ನಂಗೆ ಬ್ಯಾಡ ಕಣಪ್ಪ."

"ಮಾವ, ಜಾತಿ ಯಾವ್ದಾದ್ರೂ ಆಗ್ಲಿ, ಫಾರಿನ್ ಕಂಪ್ನೀದೇ ಆಗ್ಬೇಕು," ಎಂದ ಶಶಿಕುಮಾರ್. "ಅಪ್ಪನ್ ವಿಷ್ಯದಲ್ಲಿ ರಿಸ್ಕ್ ಬ್ಯಾಡ."

"ಫಾರಿನ್ನು ಅಂದ್ಬುಟ್ರೆ ಆಯ್ತೇನಯ್ಯ? ಕರಗೋ ಲೇಪದ್ದೇ ಮೇಲು ಅಂತ ನಾನು ಓದಿರೋದು."

"ಯಾವುದ್ರಲ್ಲಿ ಓದಿದ್ರಿ, ತೋರ್ಸಿ."

ಹೀಗೆ ಮೂರು ದಿನ ನಡೆಯಿತು. ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡು, ಮಧ್ಯಾಹ್ನ ಮುದ್ದೆ ಮುರಿಯುತ್ತ, ಸಾಯಂಕಾಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ವಾದ ಮಾಡಿದರು. ಒಂದು ಸಲ ಪಾಲಾಕ್ಷ ಸಿಟ್ಟು ಮಾಡಿಕೊಂಡು ಊಟ ಬಿಟ್ಟು ಎದ್ದರು. ಕಾಂತರಾಜುವಿನ ಹೆಂಡತಿ ಪ್ರೇಮಕುಮಾರಿ ಹಿಂದೆಯೇ ಹೋಗಿ ಕೈಮುಗಿದು ಕರೆತಂದಳು. ಅವಳಿಗೆ ಬೇಯಿಸುವುದು, ಬಡಿಸುವುದು, ಫ್ಲಾಸ್ಕು ತುಂಬಿ ಆಸ್ಪತ್ರೆಗೆ ಕಳಿಸುವುದು, ಇಷ್ಟರಲ್ಲೇ ಹೊತ್ತು ಹೋಗುತ್ತಿತ್ತು.

"ನೀವೇನಂತೀರಿ ಅತ್ತೆ?" ಎಂದು ಸೊಸೆ ಮೇಘಶ್ರೀ ಅಡುಗೆಮನೆಯಲ್ಲಿ ಕೇಳಿದಳು.

"ನಂಗೇನವ್ವ ತಿಳೀತದೆ. ಒಳ್ಳೇದು ನೋಡಿ ಹಾಕ್ಸ್ಲಿ."

ಡಾಕ್ಟರು ಮಾತ್ರ ಮೊದಲ ದಿನ ಹೇಳಿದ್ದನ್ನೇ ಕೊನೆಯ ದಿನವೂ ಹೇಳಿದರು. "ಈಗ ಬರ್ತಿರೋ ಹೊಸವುಗಳಲ್ಲಿ ಅಂಥಾ ವ್ಯತ್ಯಾಸ ಇಲ್ಲ. ಯಾವುದು ಹಾಕಿದ್ರೂ ರಕ್ತ ತೆಳುವಾಗೋ ಮಾತ್ರೆ ಎರಡನ್ನೂ ವರ್ಷ ತುಂಬೋವರೆಗೆ ಒಂದು ದಿನಾನೂ ತಪ್ಪಿಸಬಾರದು." ಗೆದ್ದವನು ಶಶಿಕುಮಾರ್. ಲೇಪ ಉಳಿಯುವ ಫಾರಿನ್ ಸ್ಟೆಂಟೇ ಬಂತು. ಅಜ್ಜಿಗೂ ಸಮಾಧಾನವಾಯಿತು. ಡಾಕ್ಟರ ಮಾತಿನ ಮೊದಲರ್ಧ ಯಾರ ತಲೆಯಲ್ಲೂ ನಿಲ್ಲಲಿಲ್ಲ. ಉಳಿದರ್ಧ ಪ್ರೇಮಕುಮಾರಿಯ ತಲೆಯಲ್ಲಿ ಉಳಿಯಿತು.

ಕಾಂತರಾಜು ಮನೆಗೆ ಬಂದು ಮಳೆಗಾಲ ಹಿಡಿಯುವ ತನಕ ಜಗಲಿ ಬಿಟ್ಟು ಇಳಿಯಲಿಲ್ಲ. ಬಂದವರಿಗೆಲ್ಲ, "ನಂದು ಫಾರಿನ್ ಮಾಲು," ಎಂದು ಎದೆ ಮುಟ್ಟಿ ತೋರಿಸುತ್ತಿದ್ದ. ಬೆಳಿಗ್ಗೆ ಕಾಫಿಯಾದ ಮೇಲೆ ಪ್ರೇಮಕುಮಾರಿ ಎರಡು ಮಾತ್ರೆ ಒತ್ತಿ ತೆಗೆದು ಅವನ ಅಂಗೈಗೆ ಹಾಕುತ್ತಿದ್ದಳು. ಅವನು ಪೇಪರಿನಿಂದ ಕಣ್ಣು ತೆಗೆಯದೆ ಬಾಯಿಗೆ ಎಸೆದುಕೊಂಡು ನೀರಿಗೆ ಕೈ ಚಾಚುತ್ತಿದ್ದ. ಚೊಂಬು ಕೈಗೆ ಬರುತ್ತಿತ್ತು.

ಅವರೆಕಾಯಿ ಕಾಲದಲ್ಲಿ ಒಂದು ಬೆಳಿಗ್ಗೆ ಪ್ರೇಮಕುಮಾರಿ ಮುದ್ದೆ ತೊಳಸುತ್ತಿದ್ದವಳು ಕೋಲು ಬಿಟ್ಟು ಗೋಡೆಗೊರಗಿ ಕೂತಳು.

"ಯಾಕತ್ತೆ?" ಎಂದಳು ಮೇಘಶ್ರೀ. ಅವಳು ಊರಿನ ಶಾಲೆಯೊಂದರಲ್ಲಿ ಟೀಚರು. ತಲೆ ಬಾಚಿಕೊಳ್ಳುತ್ತಿದ್ದವಳು ಓಡಿ ಬಂದಳು.

"ಗ್ಯಾಸು ಕಣವ್ವ."

"ಮೊನ್ನೇನೂ ಗ್ಯಾಸು ಅಂದ್ರಿ. ಡೈರಿಗೆ ಹಾಲು ಹಾಕಕ್ಕೆ ಹೋಗ್ತಾ ಅರ್ಧ ದಾರೀಲಿ ಕೂತಿದ್ರಂತೆ. ಪಕ್ಕದ್ಮನೆ ಮಾರಮ್ಮ ಹೇಳಿದ್ರು."

"ಕ್ಯಾನು ಭಾರ ಇತ್ತು."

"ಕೈ ನೋಯ್ತದಾ?"

"ನೋವಲ್ಲ. ಎಡಗೈ ಜೋಮು ಹಿಡ್ದಂಗಾಯ್ತದೆ. ಆಮೇಲೆ ಬಿಡ್ತದೆ."

ಲಕ್ಕಮ್ಮ ಹೊಸಿಲಾಚೆಯಿಂದಲೇ ಅಂದಳು, "ಮಜ್ಜಿಗೆಗೆ ಇಂಗಾಕಿ ಕುಡಿ, ಓಯ್ತದೆ. ಅವರೆಕಾಳು ತಿಂದ್ರೆ ಎಲ್ಲಾರ್ಗೂ ಅಂಗೇ."

ಮೇಘಶ್ರೀ ಕೇಳಲಿಲ್ಲ. ಶಾಲೆಗೆ ಫೋನು ಮಾಡಿ ರಜೆ ಹೇಳಿದಳು. ಅತ್ತೆಗೆ ಬೇರೆ ಸೀರೆ ಉಡಿಸಿ ಹೆದ್ದಾರಿಗೆ ಕರೆತಂದಳು. ಇಬ್ಬರೂ ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ ತಗೊಂಡು ನಿಂತುಕೊಂಡೇ ಹಾಸನಕ್ಕೆ ಹೋದರು. ಇಸಿಜಿ ನೋಡಿದ ಡಾಕ್ಟರು ಪ್ರೇಮಕುಮಾರಿಯನ್ನು ಮನೆಗೆ ಕಳಿಸಲಿಲ್ಲ.

ಮಾರನೆಯ ದಿನ ಮಣಿಕಟ್ಟಿನಿಂದ ಸಣ್ಣ ನಳಿಕೆ ಬಿಟ್ಟು ನೋಡಿದರು. ಅವಳನ್ನು ಸ್ಟ್ರೆಚರಿನ ಮೇಲೆ ಬಾಗಿಲ ಬಳಿ ನಿಲ್ಲಿಸಿದ್ದರು. ಬಾಗಿಲು ಅರ್ಧ ತೆರೆದಿತ್ತು. ಆಚೆ ಡಾಕ್ಟರ ಜೊತೆ ಗಂಡ, ಮಗ, ಸೊಸೆ ನಿಂತಿದ್ದರು. ಒಂದೊಂದು ಮಾತೂ ಕೇಳಿಸುತ್ತಿತ್ತು.

"ಒಂದು ನಾಳ ತುಂಬಾ ಮುಚ್ಚಿದೆ. ಈಗಲೇ ಸ್ಟೆಂಟು ಹಾಕಿಬಿಡೋದು ಒಳ್ಳೇದು. ಯಾವುದು ಹಾಕ್ಲಿ?"

"ಸರ್ಕಾರದ ಕಾರ್ಡಲ್ಲಿ ಯಾವ್ದು ಬತ್ತದೆ ಸಾ?" ಇದು ಕಾಂತರಾಜು.

"ಇಲ್ಲೇ ದೇಶದಲ್ಲಿ ತಯಾರಾದ್ದು. ಲೇಪ ಕರಗೋ ಜಾತಿ. ಅದೂ ಒಳ್ಳೇದೇ."

"ಅದೇ ಹಾಕ್ಬುಡಿ ಸಾ."

"ಮಾವ," ಎಂದಳು ಮೇಘಶ್ರೀ, "ಅರಕಲಗೂಡು ಮಾವನ್ನ ಒಂದ್ ಮಾತು ಕೇಳನ್ವಾ?"

"ಅವ್ರಿಗ್ಯಾಕೆ ತೊಂದ್ರೆ. ಸ್ಕೂಲ್ ಟೈಮು."

"ನೀವೇನಂತೀರಿ?" ಎಂದು ಅವಳು ಗಂಡನನ್ನು ಕೇಳಿದಳು. ಶಶಿಕುಮಾರನ ಫೋನು ಹೊಡೆದುಕೊಳ್ಳುತ್ತಿತ್ತು. "ಡಾಕ್ಟ್ರೇ ಒಳ್ಳೇದು ಅಂತವ್ರಲ್ಲ," ಎಂದು ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲ ಕಡೆ ಹೋದ. ಟ್ರ್ಯಾಕ್ಟರಿನ ಡೆಲಿವರಿ ಯಾವಾಗ ಎಂದು ಯಾರೋ ಕೇಳುತ್ತಿದ್ದಿರಬೇಕು. ನಾಳೆ, ನಾಳೆ ಎಂದು ಅವನು ಹೇಳುತ್ತಿದ್ದದ್ದೂ ಪ್ರೇಮಕುಮಾರಿಗೆ ಕೇಳಿಸಿತು. ಕಾಂತರಾಜು ಸಹಿ ಹಾಕಿದ. ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಸ್ಟ್ರೆಚರನ್ನು ಒಳಕ್ಕೆ ತಳ್ಳಿದರು. ಅವಳು ಚಾವಣಿಯ ದೀಪ ನೋಡುತ್ತ ಮಲಗಿದ್ದಳು.

"ಭಯ ಆಗ್ತಿದ್ಯಾಮ್ಮ?" ಎಂದಳು ನರ್ಸು.

"ಇಲ್ಲ ಕಣವ್ವ," ಎಂದಳು. ನಿಜವಾಗಿಯೂ ಇರಲಿಲ್ಲ.

ಮನೆಗೆ ಬಂದ ಮೇಲೆ ಕೆಲವು ದಿನ ಮೇಘಶ್ರೀ ಅಡುಗೆ, ಕೊಟ್ಟಿಗೆ, ಶಾಲೆ ಮೂರನ್ನೂ ನೋಡಿಕೊಂಡಳು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಆಗಲೇ ಹಾಲು ಕರೆದು ಕ್ಯಾನು ತುಂಬಿಸಿ ಡೈರಿಗೆ ಹೊರಟಿದ್ದಳು.

"ಇಳಿಸಿ ಅತ್ತೆ. ಭಾರ ಎತ್ತಬೇಡಿ ಅಂದವ್ರೆ."

"ಏನಾಗಲ್ಲ ಬುಡು."

"ಅಜ್ಜಿ, ನೀವಾದ್ರೂ ಹೇಳ್ಬಾರ್ದಾ?"

ಲಕ್ಕಮ್ಮ ಎಲೆಯಡಿಕೆ ಅಗಿಯುತ್ತಿದ್ದಳು. "ನಾನೇನೇಳ್ಲಿ? ನೀನು ಸ್ಕೂಲಿಗೋಗ್ತೀಯ. ಹಾಲು ಯಾರು ಹಾಕ್ತಾರೆ? ನಾನು ಹಾಕ್ಲಾ?"

"ಮಾವಂಗೆ ಹಾರ್ಟ್ ಆದಾಗ ಮಳೆಗಾಲದವರ್ಗೂ ಒಂದು ಕಡ್ಡಿ ಎತ್ತಕ್ಕೆ ಬಿಡ್ಲಿಲ್ಲ ನೀವು."

"ಅವನದು ದೊಡ್ಡದು ಕಣವ್ವ. ಇವ್ಳದು ಬರೀ ಜೋಮು ಅಲ್ವಾ."

ಕಾಂತರಾಜು ಜಗಲಿಯಲ್ಲಿ ಪೇಪರು ಓದುತ್ತಿದ್ದ. "ಬೆಳಬೆಳಿಗ್ಗೆ ಏನದು ಗಲಾಟೆ?" ಎಂದ. ಅಷ್ಟರಲ್ಲಿ ಪ್ರೇಮಕುಮಾರಿ ಕ್ಯಾನು ಹೊತ್ತು ಬೀದಿ ದಾಟಿದ್ದಳು.

ಆ ಭಾನುವಾರ ಪಾಲಾಕ್ಷ ಸೇಬು ಹಿಡಿದುಕೊಂಡು ನೋಡಲು ಬಂದರು. "ತಂಗ್ಯಮ್ಮ ಹೆಂಗವ್ಳೆ ಈಗ? ಯಾವ ಸ್ಟೆಂಟು ಹಾಕ್ಸಿದ್ರಿ ಬಾವ?"

"ಯಾವ್ದೋ ಒಂದು ಕಣ್ರಿ. ಕಾರ್ಡಿಂದು."

"ಏನೂ ತೊಂದ್ರೆ ಇಲ್ಲ. ಅವಾಗ ನಾವು ಸುಮ್ನೆ ತಲೆ ಕೆಡಿಸ್ಕೊಂಡ್ವಿ. ಆಮೇಲೆ ಓದ್ಕೊಂಡೆ ನಾನು. ಸಾವಿರಾರು ಜನಕ್ಕೆ ಹಾಕಿ, ವರ್ಷಗಟ್ಲೆ ಕಾದು ನೋಡವ್ರೆ. ಲೇಪ ಉಳಿಯೋದು, ಕರಗೋದು, ಎರಡ್ರಲ್ಲೂ ಫಲ ಹೆಚ್ಚುಕಮ್ಮಿ ಒಂದೇ ಅಂತೆ. ಒಳ್ಳೆ ಕೆಲ್ಸಾನೇ ಮಾಡಿದ್ರಿ."

"ಅದೇ ನಾನೂ ಅಂದಿದ್ದು," ಎಂದ ಕಾಂತರಾಜು.

ಪ್ರೇಮಕುಮಾರಿ ಕಾಫಿ ಕೊಟ್ಟು ಒಳಗೆ ಬಂದು ಅವರೆಕಾಯಿ ಸುಲಿಯಲು ಕೂತಳು. ತಪ್ಪೇನೂ ನಡೆದಿರಲಿಲ್ಲ. ಗಂಡ ಮಾಡಿದ್ದು ಸರಿಯಾಗಿತ್ತು. ಡಾಕ್ಟರೂ ಹೇಳಿದ್ದರು, ಓದಿದವರೂ ಹೇಳಿದರು. ದೂರುವುದಕ್ಕೆ ಏನೂ ಇರಲಿಲ್ಲ. ಇದ್ದಿದ್ದರೆ ಒಂದು ಸಲ ಅತ್ತಾದರೂ ಮುಗಿಸಬಹುದಿತ್ತು. ಸೊಸೆ ಬಂದು ಪಕ್ಕ ಕೂತು ಹುಳ ಬಿದ್ದ ಕಾಳನ್ನು ಬೇರೆ ಮಾಡತೊಡಗಿದಳು. ಬುಟ್ಟಿ ಬರಿದಾಗುವ ತನಕ ಅತ್ತೆ ಸುಲಿದಳು.

ಪ್ರೇಮಕುಮಾರಿ ಆಸ್ಪತ್ರೆಯಲ್ಲಿದ್ದಾಗ ಕಾಂತರಾಜುವಿನ ಅಂಗೈಗೆ ಮಾತ್ರೆ ಹಾಕುವವರು ಯಾರೂ ಇರಲಿಲ್ಲ. ಬಂದ ಮೇಲೆ, ಈಗ ಅವರೇ ತಗೊಳ್ಳುತ್ತಿರಬಹುದು ಎಂದುಕೊಂಡು ತಾನು ಮತ್ತೆ ಹಾಕಲು ಹೋಗಲಿಲ್ಲ. ಟೀವಿ ಪಕ್ಕದ ಗೂಡಿನಲ್ಲಿ ಅವನ ಮಾತ್ರೆಗಳಿದ್ದವು. ಸಂಕ್ರಾಂತಿಗೆ ಮನೆ ಗುಡಿಸಿ ಸಾರಿಸುವಾಗ ತೆಗೆದು ನೋಡಿದಳು. ತಾನು ಆಸ್ಪತ್ರೆಗೆ ಹೋಗುವ ಮುಂಚೆ ಒತ್ತಿ ಖಾಲಿ ಮಾಡಿದ್ದ ಮಾತ್ರೆಪಟ್ಟಿಯ ಗುಳಿಗಳು ಬಿಟ್ಟರೆ ಮಿಕ್ಕವೆಲ್ಲ ತುಂಬಿಯೇ ಇದ್ದವು. ಧೂಳು ಒರೆಸಿ ಅಲ್ಲೇ ಇಟ್ಟಳು. ಮುಂದಿನ ವಾರವೂ ತುಂಬಿಯೇ ಇದ್ದವು. ಮತ್ತೆ ಧೂಳು ಒರೆಸಿದಳು. ತನ್ನ ಮಾತ್ರೆಗಳನ್ನು ಅಡುಗೆಮನೆಯ ಸಾಸಿವೆ ಡಬ್ಬದ ಹಿಂದೆ ಇಟ್ಟುಕೊಂಡಿದ್ದಳು. ಅವನ್ನು ಒಂದು ದಿನವೂ ಬಿಡದೆ ನುಂಗುತ್ತಿದ್ದಳು.

ಒಂದು ದಿನ ಊಟದ ಹೊತ್ತಿನಲ್ಲಿ ಮೇಘಶ್ರೀ ಕೇಳಿದಳು. "ಮಾವ, ಮಾತ್ರೆ ಸರ್ಯಾಗಿ ತಗೋತಿದೀರಾ?"

"ಅದನ್ನೆಲ್ಲ ನಿಮ್ಮತ್ತೆ ನೋಡ್ಕೋತಾಳೆ," ಎಂದ ಕಾಂತರಾಜು, ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತ.

ಸಾರು ಹಾಕುತ್ತಿದ್ದ ಪ್ರೇಮಕುಮಾರಿ ಅವನ ಮುಖ ನೋಡಿದಳು. ಅವನು ತಮಾಷೆಗೆ ಹೇಳುತ್ತಿರಲಿಲ್ಲ. ಇಷ್ಟು ದಿನ ತನ್ನ ಕೈಗೆ ಮಾತ್ರೆ ಬಂದಿಲ್ಲವೆಂಬುದೇ ಅವನಿಗೆ ತಿಳಿದಿರಲಿಲ್ಲ. ಅವಳು ಸೌಟನ್ನು ಪಾತ್ರೆಗೆ ಬಿಟ್ಟು, "ಮಜ್ಜಿಗೆ ಹಾಕ್ಲಾ?" ಎಂದಳು.

ಶಿವರಾತ್ರಿ ಹತ್ತಿರ ಬಂದಾಗ, ಮಧ್ಯಾಹ್ನ ಗೋದಾಮಿನಿಂದ ಬಂದು ಊಟಕ್ಕೆ ಕೂತ ಕಾಂತರಾಜು ಮುದ್ದೆಗೆ ಕೈ ಹಾಕಿದವನು ಹಾಗೇ ನಿಲ್ಲಿಸಿದ. ಹಣೆಯಲ್ಲಿ ಬೆವರು ಕಿತ್ತುಕೊಂಡು ಬಂತು. "ಪ್ರೇಮ," ಎಂದ. ಪಕ್ಕಕ್ಕೆ ವಾಲಿದ. ಅವತ್ತು ಶಶಿಕುಮಾರ್ ಮನೆಯಲ್ಲೇ ಇದ್ದ. ಮಾರಮ್ಮನ ಮನೆಯ ಕಾರು ತಂದು, ಅಪ್ಪನನ್ನು ಹಿಂದಿನ ಸೀಟಿನಲ್ಲಿ ಅವ್ವನ ತೊಡೆಯ ಮೇಲೆ ಮಲಗಿಸಿ ಓಡಿಸಿದ. ದಾರಿಯುದ್ದಕ್ಕೂ ಪ್ರೇಮಕುಮಾರಿ ಗಂಡನ ಕೈ ಹಿಡಿದುಕೊಂಡಿದ್ದಳು. ಕೈ ಒದ್ದೆಯಾಗಿ ತಣ್ಣಗಿತ್ತು.

ಅದೇ ಡಾಕ್ಟರು ಇದ್ದರು. ನೋಡಿ ಹೊರಗೆ ಬಂದು ಕೇಳಿದರು. "ಹಾಕಿದ್ದ ಸ್ಟೆಂಟಲ್ಲೇ ರಕ್ತ ಹೆಪ್ಪುಗಟ್ಟಿದೆ. ಮಾತ್ರೆ ತಗೋತಿದ್ರಾ?"

"ತಗೋತಿದ್ರು ಸಾ," ಎಂದ ಶಶಿಕುಮಾರ್.

"ಇಲ್ಲ," ಎಂದಳು ಪ್ರೇಮಕುಮಾರಿ. "ನಾನು ಆಸ್ಪತ್ರೆಗೆ ಸೇರಿದಾಗಿಂದ ತಗೊಂಡಿಲ್ಲ."

"ನಿಂಗೆಂಗೊತ್ತವ್ವ?"

"ಗೂಡಲ್ಲಿ ಹಂಗೇ ಇದ್ವು. ನೋಡ್ತಿದ್ದೆ."

ಶಶಿಕುಮಾರ್ ಅವಳನ್ನು ಯಾರೋ ಹೊಸಬರನ್ನು ನೋಡುವಂತೆ ನೋಡಿದ. ಡಾಕ್ಟರಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. "ಹೆಪ್ಪು ತೆಗೀತೀವಿ. ಒಳಗೆ ಇನ್ನೊಂದು ಸ್ಟೆಂಟು ಬೇಕಾಗಬಹುದು. ಯಾವುದಿರ್ಲಿ, ಬೇಗ ಹೇಳಿ."

ಶಶಿಕುಮಾರ್ ಪಾಲಾಕ್ಷರಿಗೆ ಫೋನು ಹಚ್ಚಿದ. ಅವರು ಎತ್ತಲಿಲ್ಲ. ಮತ್ತೆ ಹಚ್ಚಿದ. ಡಾಕ್ಟರ ಕಡೆ ತಿರುಗಿದ. "ಸಾ, ಫಾರಿನ್ನೇ ಫೇಲಾಯ್ತಲ್ಲ. ಅದಕ್ಕಿಂತ ಮೇಲಿಂದು ಯಾವ್ದೂ ಇಲ್ವಾ ಸಾ?"

"ಸ್ಟೆಂಟಿನ ತಪ್ಪಲ್ಲಪ್ಪ ಇದು."

"ನಂಗಾಕಿರೋದನ್ನೇ ಹಾಕಿ ಸಾ," ಎಂದಳು ಪ್ರೇಮಕುಮಾರಿ.

"ನೀನ್ ಸುಮ್ನಿರವ್ವ."

"ಒಳ್ಳೇದು ಅಂದಿದ್ರಲ್ಲ ನೀವು," ಎಂದು ಅವಳು ಡಾಕ್ಟರನ್ನೇ ನೋಡುತ್ತ ಕೇಳಿದಳು.

"ಹೌದಮ್ಮ. ಒಳ್ಳೇದೇ."

"ಎಲ್ಲಿ ರುಜು ಹಾಕ್ಬೇಕು ಹೇಳಿ."

ಕಾಂತರಾಜು ಬದುಕಿದ. ಹೃದಯಕ್ಕೆ ಮೊದಲಿನ ಬಲ ಇಲ್ಲ, ನಿಧಾನವಾಗಿರಬೇಕು ಎಂದರು. ಮನೆಗೆ ಕರೆತಂದ ದಿನವೇ ಲಕ್ಕಮ್ಮ ಶುರು ಮಾಡಿದಳು. ಸುದ್ದಿ ಶಶಿಕುಮಾರನಿಂದ ಅವಳಿಗೆ ಮುಟ್ಟಿತ್ತು.

"ಗಂಡನ್ನ ಕಣ್ಣೆದ್ರಿಗೇ ಸಾಯಕ್ ಬುಟ್ಟೋಳು ಕಣವ್ವ ಇವ್ಳು. ನೋಡ್ತಾ ಇದ್ಲಂತೆ. ನೋಡ್ತಾ."

ಪ್ರೇಮಕುಮಾರಿ ಗಂಡನಿಗೆ ಹಾಸಿಗೆ ಹಾಸುತ್ತಿದ್ದಳು. ಮೇಘಶ್ರೀಯೇ ಅಂದಳು. "ಅದೇ ಮನೇಲಿ ನೀವೂ ಇದ್ರಿ ಅಜ್ಜಿ. ನಾನೂ ಇದ್ದೆ. ಇವ್ರೂ ವಾರವಾರ ಬತ್ತಿದ್ರು. ಯಾರಾದ್ರೂ ಗೂಡಿಗೆ ಕೈ ಹಾಕಿದ್ವಾ?"

"ನಿಂಗೆ ಬಾಯಿ ಜಾಸ್ತಿಯಾಯ್ತು."

"ಆಗ್ಲಿ."

ಶಶಿಕುಮಾರ್ ಹೆಂಡತಿಯನ್ನು ತಡೆಯಲಿಲ್ಲ, ಅವ್ವನ ಜೊತೆ ಮಾತೂ ಆಡಲಿಲ್ಲ. ಅಪ್ಪ ಮನೆಗೆ ಬಂದಾಗಿನಿಂದ ದಿನವೂ ಊರಿನಿಂದಲೇ ಶೋರೂಮಿಗೆ ಓಡಾಡುತ್ತಿದ್ದವನು, ತಟ್ಟೆ ತಾನೇ ಹಾಕಿಕೊಂಡು ಉಂಡು ಏಳುತ್ತಿದ್ದ. ಒಂದು ವಾರ ಹೀಗೇ ಹೋಯಿತು. ಪಾಲಾಕ್ಷ ಫೋನು ಮಾಡಿ ಸ್ಟೆಂಟಿನ ಬಗ್ಗೆ ಏನೋ ಹೇಳಲು ಹೋದಾಗ, ಕಾಂತರಾಜು ಮೊದಲ ಸಲ, "ಆ ಮಾತು ಬುಡಿ," ಎಂದ.

ಒಂದು ಬೆಳಿಗ್ಗೆ ಅವನು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಮಣೆಯ ಮೇಲೆ ಕೂತ. ಅವನು ಆ ಮಣೆಯ ಮೇಲೆ ಕೂತು ವರ್ಷಗಳಾಗಿದ್ದವು. ಮೇಘಶ್ರೀ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಪ್ರೇಮಕುಮಾರಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಗೊತ್ತಿದ್ದೂ ಸುಮ್ನಿದ್ದೆ ನೀನು," ಎಂದ.

"ಊಂ."

"ನಾನು ಸಾಯ್ಲಿ ಅಂತಾನಾ?"

ಮೇಘಶ್ರೀ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಪ್ರೇಮಕುಮಾರಿ ಕೈಯಲ್ಲಿದ್ದ ಹೋಳನ್ನು ಪೂರ್ತಿ ತುರಿದು ಕೆಳಗಿಟ್ಟಳು.

"ಸಾಯ್ಲಿ ಅಂತಲ್ಲ," ಎಂದಳು. "ಬದುಕ್ಲಿ ಅಂತಾನೂ ಅಲ್ಲ. ಏನೂ ಅನ್ನಿಸ್ಲಿಲ್ಲ ಕಣ್ರಿ ನಂಗೆ."

"ಯಾವಾಗಿಂದ?"

"ಅದೇ ಹಾಕ್ಬುಡಿ ಸಾ ಅಂದ್ರಲ್ಲ. ಅವತ್ತಿಂದ."

"ಅದೂ ಒಳ್ಳೇದೇ ಅಂದ್ರಲ್ಲ ಡಾಕ್ಟ್ರು. ನಾನೇನು ಕೆಟ್ಟದ್ದು ಹಾಕ್ಸಿದ್ನಾ?"

"ಇಲ್ಲ. ಒಳ್ಳೇದೇ ಅಂತ ನಂಗೂ ಗೊತ್ತು. ನಿಮಗೂ ಅದನ್ನೇ ಹಾಕ್ಸಿದೀನಿ."

ಪ್ರೇಮಕುಮಾರಿ ಎರಡನೆಯ ಹೋಳು ಎತ್ತಿಕೊಂಡಳು, ತುರಿಯಲಿಲ್ಲ.

"ನಿಮ್ಗೆ ಯಾವ್ದು ಹಾಕ್ಬೇಕು ಅಂತ ಮನೆ ಮಂದಿಯೆಲ್ಲ ಕಿತ್ತಾಡಿದ್ರು. ಮೇಷ್ಟ್ರು ಊಟ ಬುಟ್ಟು ಎದ್ರು. ನನ್ ವಿಷ್ಯದಲ್ಲಿ ಯಾರಾದ್ರೂ ಒಂದ್ಗಳಿಗೆ ಜಗಳ ಆಡ್ಬೋದಿತ್ತು. ಆಡಿ, ಆಮೇಲೆ ಇದನ್ನೇ ಹಾಕ್ಸಿದ್ರೂ ಆಯ್ತಿತ್ತು."

ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಮೇಘಶ್ರೀ ಮಗುಚಿ ಹಾಕಿದಳು. ಕಾಂತರಾಜು ಒಲೆಯನ್ನೇ ನೋಡುತ್ತ ಕೂತಿದ್ದ. ಕೊನೆಗೆ ಎದ್ದು ನಡುಮನೆಗೆ ಹೋದ. ಗೂಡಿನಲ್ಲಿ ತಡಕಾಡಿದ ಸದ್ದು, ಮಾತ್ರೆ ಒತ್ತಿದ ಸದ್ದು, ತಾನೇ ನೀರು ಬಗ್ಗಿಸಿಕೊಂಡ ಸದ್ದು ಕೇಳಿತು. ಆಮೇಲೆ ಅವನ ದನಿ ಜಗಲಿಯಿಂದ ಬಂತು.

"ಲೇ ಶಶಿ, ಹಾಲಿನ ಕ್ಯಾನು ತಗೊಂಡೋಗಿ ಡೈರಿಗೆ ಹಾಕ್ಬಾ. ಇನ್ಮೇಲೆ ನಿಮ್ಮವ್ವ ಹೊರಂಗಿಲ್ಲ."

"ಶೋರೂಮಿಗೆ ಲೇಟಾಯ್ತದೆ ಕಣಪ್ಪ."

"ಆಗ್ಲಿ."

"ಅವಳು ಹೊತ್ರೆ ಏನಾಯ್ತದ್ಲಾ?" ಎಂದಳು ಲಕ್ಕಮ್ಮ. "ನಿನ್ನ ಸಾಯಿಸಕ್ ಹೊಂಟೋಳಿಗೆ ನೀನೇ ವಹಿಸ್ಕೊಂಡು ಮಾತಾಡ್ತೀಯಲ್ಲ."

"ಅವ್ವ, ಸುಮ್ನಿರು. ಅವಳೆದೇಲೂ ಅದೇ ಅದೆ, ನನ್ನೆದೇಲೂ ಅದೇ ಅದೆ."

"ಹಸ ಮಾರ್ಬುಡನ ಹಂಗಾದ್ರೆ," ಎಂದ ಶಶಿಕುಮಾರ್.

"ಮಾರಕ್ಕೆ ನೀನ್ಯಾರ್ಲಾ? ಮಾರ್ತಾನಂತೆ ಹಸುನ," ಎಂದು ಲಕ್ಕಮ್ಮ ಮೊಮ್ಮಗನ ಮೇಲೆ ತಿರುಗಿದಳು.

ದನಿಗಳು ಒಂದರ ಮೇಲೊಂದು ಏರಿದವು. ಬೀದಿಯಲ್ಲಿ ಹೋಗುವವರು ನಿಂತು ನೋಡುವಷ್ಟಾಯಿತು. ಒಳಗೆ ಮೇಘಶ್ರೀ ಸೀದ ರೊಟ್ಟಿಯನ್ನು ಪಕ್ಕಕ್ಕಿಟ್ಟು ಹೊಸದೊಂದನ್ನು ಬೇಯಿಸಿ, ತಟ್ಟೆಗೆ ಹಾಕಿ, ಮೊದಲೇ ರುಬ್ಬಿಟ್ಟಿದ್ದ ಚಟ್ನಿ ಬಡಿಸಿ ಅತ್ತೆಯ ಮುಂದೆ ಇಟ್ಟಳು.

"ಮೊದ್ಲು ಅವ್ರದ್ದು ಆಗ್ಲಿ," ಎಂದಳು ಪ್ರೇಮಕುಮಾರಿ.

"ಅವ್ರು ಜಗಳ ಮುಗಿಸ್ಲಿ. ನೀವು ತಿನ್ನಿ, ಆರೋಯ್ತದೆ."

ಪ್ರೇಮಕುಮಾರಿ ಈಳಿಗೆ ಮಣೆ ಮಡಿಸಿಟ್ಟು ತಟ್ಟೆ ಹತ್ತಿರಕ್ಕೆ ಎಳೆದುಕೊಂಡಳು. ಹೊರಗೆ ಶಶಿಕುಮಾರ್ ಕ್ಯಾನು ಎತ್ತಿದ ಸದ್ದಾಯಿತು, ಲಕ್ಕಮ್ಮ ಅವನ ಹಿಂದೆಯೇ ಬೈಯುತ್ತ ಹೋದಳು. ರೊಟ್ಟಿ ಬೆರಳು ಸುಡುವಷ್ಟು ಬಿಸಿಯಿತ್ತು. ಒಂದು ತುಂಡು ಮುರಿದು ಚಟ್ನಿಗೆ ಅದ್ದಿ ಬಾಯಿಗಿಟ್ಟುಕೊಂಡಳು.

"ಕಾರ ಜಾಸ್ತಿಯಾಗದೆ," ಎಂದಳು.

"ಹೌದಾ?" ಎಂದಳು ಮೇಘಶ್ರೀ.

"ಊಂ," ಎಂದು ಇನ್ನೊಂದು ತುಂಡು ಮುರಿದಳು.